ಬ್ರೇಕು ಹಿಡಿಯದ ಎರಡು ಫರ್ಲಾಂಗು

ಬಳ್ಳಾರಿ ಹಿರಿಯರ ಸೈಕಲ್ ಸಂಘದ ಏಳನೆಯ ವಾರ್ಷಿಕೋತ್ಸವದ ಅಧ್ಯಕ್ಷ ಪೀಠದಲ್ಲಿ ವಿರಾಜಮಾನರಾಗಿರುವ, ಹತ್ತಿ ವ್ಯಾಪಾರಿಗಳೂ ನನ್ನ ಬೀಗರೂ ಆದ ಶ್ರೀಮಾನ್ ದೊಡ್ಡಬಸಪ್ಪನವರೇ, ಮುಖ್ಯ ಅತಿಥಿಗಳಾಗಿ ಬಂದು ಈ ಸೆಕೆಯಲ್ಲೂ ಕೋಟು ಬಿಚ್ಚದೆ ಕುಳಿತಿರುವ ಡಾಕ್ಟರ್ ಸಾಹೇಬರೇ, ಕಾರ್ಯದರ್ಶಿ ವೆಂಕಣ್ಣನವರೇ, ಇವತ್ತು ಬೆಳಿಗ್ಗೆ ನನ್ನ ಜೊತೆ ಕುರುಗೋಡಿನಿಂದ ಪೆಡಲ್ ತುಳಿದು ಬಂದು ಈಗ ಮೊಣಕಾಲು ಒತ್ತಿಕೊಳ್ಳುತ್ತಿರುವ ಸಹ ಸವಾರರೇ, ಎಡಗಡೆ ಕುಳಿತಿರುವ ತಾಯಂದಿರೇ, ಸಭಿಕರೇ,

ನಾನು ಸಿರುಗುಪ್ಪದ ಕೊಟ್ರಬಸಪ್ಪ. ಸಿಡುಬಿನ ಲಸಿಕೆ ಹಾಕುವ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮಲ್ಲಿ ಅನೇಕರು ನನ್ನನ್ನು ಗುರುತು ಹಿಡಿಯಬಲ್ಲಿರಿ. ಯಾಕೆಂದರೆ ಪ್ರತಿ ವರ್ಷ ಓಟದಲ್ಲಿ ಎರಡನೆಯವನಾಗಿ ಈ ಸಭೆಯಲ್ಲಿ ಎದ್ದು ನಿಂತು, ಒಂದು ನಿಂಬೆಹಣ್ಣು, ಒಂದು ಟವಲು ಇಸಗೊಂಡು ಕೂತವನು ನಾನೇ.

ಗೆದ್ದವರು ‘ಐವತ್ತು ದಾಟಿದ ಮೇಲೆ ಸೈಕಲ್ ಓಟದ ವೇಗ’ ಎಂಬ ವಿಷಯವಾಗಿ ನಾಲ್ಕು ಮಾತಾಡಬೇಕು ಎನ್ನುವುದು ಸಂಘದ ಪದ್ಧತಿ. ಆರು ವರ್ಷ ಬೀಗರು ಮಾತಾಡಿದರು. ಆರು ವರ್ಷ ನಾನು ಕೆಳಗೆ ಕೂತು ಚಪ್ಪಾಳೆ ಹೊಡೆದೆ. ಬೀಗರೇ ಗೆಲ್ಲುತ್ತಾರೆಂದು ಎಷ್ಟು ನಂಬಿಕೆ ಅಂದರೆ, ಈ ಸಲದ ಮಾನಪತ್ರವನ್ನು ವೆಂಕಣ್ಣನವರು ಮೊನ್ನೆಯೇ ಅಚ್ಚು ಹಾಕಿಸಿದ್ದರು. ಈಗ ಬೀಗರ ಹೆಸರಿನ ಮೇಲೆ ಕಾಗದ ಅಂಟಿಸಿ ನನ್ನ ಹೆಸರು ಬರೆದಿದ್ದಾರೆ. ಹಾಗಾಗಿ ಅದನ್ನು ಓದುವಾಗ ನನ್ನನ್ನು ‘ಹತ್ತಿ ವ್ಯಾಪಾರದ ಮುಕುಟಮಣಿ’ ಅಂದರು. ನನ್ನ ಹತ್ತಿರ ಇರುವ ಹತ್ತಿ ತಲೆದಿಂಬಿನೊಳಗಿನದು ಮಾತ್ರ. ನಗ್ರಿ, ನಗ್ರಿ, ಪರವಾಗಿಲ್ಲ.

ಆದರೆ ಸಭಿಕರೇ, ನಗದೇ ಕೂತವರು ಒಬ್ಬರಿದ್ದಾರೆ. ನಮ್ಮ ಅಧ್ಯಕ್ಷರು ಬೆಳಿಗ್ಗೆಯಿಂದ ನನ್ನ ಜೊತೆ ಒಂದು ಮಾತು ಆಡಿಲ್ಲ. ನನ್ನ ಮಗಳು ಅಕ್ಕನಾಗಮ್ಮ ಅವರ ಮನೆಯ ಸೊಸೆ. ಹೆರಿಗೆಗೆಂದು ಸಿರುಗುಪ್ಪಕ್ಕೆ ಬಂದವಳು ಈ ಸಭೆ ಮುಗಿದ ಮೇಲೆ ಕೂಸಿನ ಜೊತೆ ಅದೇ ಮನೆಗೆ ಹೋಗಬೇಕು. ಅವಳು ಯಾವ ಮುಖದಿಂದ ಆ ಹೊಸ್ತಿಲು ದಾಟಬೇಕು? ಬೆಳಿಗ್ಗೆ ಓಟದ ಕೊನೆಯ ಹಗ್ಗ ಬೀಗರಿಗಿಂತ ಮೊದಲು ದಾಟಿದಾಗಿನಿಂದ ನನ್ನ ತಲೆಯಲ್ಲಿ ಇದೊಂದೇ ಕೊರೆಯುತ್ತಿದೆ.

ಇರಲಿ. ಪುಸ್ತಕದ ಕನ್ನಡ ನನಗೆ ಬಹಳ ಹೊತ್ತು ಒಗ್ಗೂದಿಲ್ಲ. ಮನಿ ಮಾತಿನಾಗ ಹೇಳ್ತೀನಿ, ಮನ್ನಿಸ್ರಿ.

ಐವತ್ತು ದಾಟಿದವನ ವೇಗ ಅಂದ್ರ ಏನು? ಇಪ್ಪತ್ತರಾಗ, ಮನಸ್ಸು ‘ಹೋಗು’ ಅನ್ನೋದ್ರೊಳಗ ಕಾಲು ಹೋಗಿರ್ತಾವ. ಐವತ್ತರಾಗ ಮನಸ್ಸು ‘ಹೋಗು’ ಅಂದ್ರ ಕಾಲು ‘ಯಾಕ?’ ಅಂತ ಕೇಳ್ತಾವ. ಅವಕ್ಕ ಸಮಾಧಾನ ಹೇಳಿ ಒಪ್ಪಿಸೋದ್ರೊಳಗ ಮುಂದಿನಂವ ಮನಿ ಸೇರಿರ್ತಾನ. ಕುರುಗೋಡಿನ ಗುಡ್ಡದ ಬುಡದಿಂದ ಬಳ್ಳಾರಿ ಊರ ಹೊರಗಿನ ಹುಣಸಿ ಮರದ ತನಕ ನಾವೆಲ್ಲ ಹೆಂಗ ಬರ್ತೀವಿ? ಮಾತಾಡ್ಕೋತ, ಎಲಿ ಅಡಿಕಿ ಹಾಕ್ಕೋತ, ಮಂದಿ ಸುದ್ದಿ ಹೇಳ್ಕೋತ ಬರ್ತೀವಿ. ಅದು ಓಟ ಅಲ್ಲ, ಹರಟಿ. ನಿಜವಾದ ಓಟ ಹುಣಸಿ ಮರದಿಂದ ಸಂಘದ ಬಾಗಿಲ ತನಕ, ಎರಡೇ ಫರ್ಲಾಂಗು. ಅಲ್ಲಿ ಸೀಟಿನಿಂದ ಎದ್ದು, ತಲಿ ಬಗ್ಗಿಸಿ, ಹಲ್ಲು ಕಚ್ಚಿ ತುಳೀಬೇಕು. ಬೀಗರು ಪ್ರತಿ ವರ್ಷ ಇದಕ್ಕ ಬಾದಾಮಿ ಹಾಲು ಕುಡೀರಿ ಅಂತ ಹೇಳ್ತಿದ್ರು. ನಾನು ಕುಡಿದದ್ದು ಮಜ್ಜಿಗಿ.

ನನಗ ವೇಗ ಕಲಿಸಿದ್ದು ಹಾಲೂ ಅಲ್ಲ, ಮಜ್ಜಿಗಿನೂ ಅಲ್ಲ, ಲಸಿಕಿ. ಹೌದ್ರಿ. ಯುದ್ಧದ ಕಾಲ ನೆನಪು ಮಾಡ್ಕೊಳ್ರಿ. ಬಳ್ಳಾರಿಯಾಗ ನನ್ನ ಕೈಗೆ ಸಣ್ಣ ಸಣ್ಣ ಗಾಜಿನ ಕೊಳವಿ ಕೊಡೋರು. ಒದ್ದಿ ಅರಿವಿ ಸುತ್ತಿ, ಮಣ್ಣಿನ ಕುಡಿಕಿಯೊಳಗಿಟ್ಟು, ಹ್ಯಾಂಡಲಿಗೆ ತೂಗು ಹಾಕ್ಕೊಂಡು ಹೊರಡೋದು. ನಮ್ಮ ಬಿಸಿಲು ನಿಮಗೆ ಗೊತ್ತೈತಿ. ಬಿಸಿಲು ಏರಿತಂದ್ರ ಲಸಿಕಿ ಕೆಡ್ತಿತ್ತು. ಕೆಟ್ಟ ಲಸಿಕಿ ಹಾಕಿ ಏನು ಬಂತು? ಹಳ್ಳಿಯಾಗ ಮತ್ತ ಸಿಡುಬು ಎದ್ದರ ಮಂದಿ ನನ್ನ ಮಾರಿ ನೋಡ್ತಾರೇನು? ಅದಕ್ಕ ಬಿಸಿಲಿಗೂ ನನಗೂ ದಿನಾ ಪೈಪೋಟಿ. ಟೈರು ಸಿಗ್ತಿರಲಿಲ್ಲ, ಹರಿದ ಟೈರಿನೊಳಗ ಹಳೇ ಅರಿವಿ ತುಂಬಿ ತುಳಿದೀನಿ. ಮಳಿ ಬಂತಂದ್ರ ನಮ್ಮ ಎರಿ ಮಣ್ಣು ಗಾಲಿಗೆ ಮೆತ್ತಿ ಸೈಕಲ್ ಹೆಜ್ಜಿ ಕೀಳ್ತಿರಲಿಲ್ಲ. ಆಗ ನಾನು ಅದರ ಮ್ಯಾಲಲ್ಲ, ಅದು ನನ್ನ ಹೆಗಲ ಮ್ಯಾಲ!

ಊರು ಮುಟ್ಟಿದ್ರ ಮುಗೀತೇನು? ಇಲ್ಲ್ರಿ. ತುಂಗಭದ್ರಾ ದಂಡಿ ಊರುಗಳಾಗ ತೆಲುಗಿನ ಮಂದಿ. ನನ್ನ ಸೈಕಲ್ ಕಂಡ ಕೂಡಲೇ ಯಾವದೋ ಮುದುಕಿ ಕೂಗ್ತಿದ್ಳು, “ಸೂದಿಯೋಡು ವಚ್ಚಾಡಮ್ಮೋ!” ಸೂಜಿಯವ ಬಂದ ಅಂತ. ಅಷ್ಟೇ ತಡ, ಹೆಂಗಸರೆಲ್ಲ ಮಕ್ಕಳನ್ನು ಕಂಕುಳಾಗ ಇರುಕ್ಕೊಂಡು ಜ್ವಾಳದ ಹೊಲಕ್ಕ ಓಟ! ಹಿಂದ ನಾನು, ನನ್ನ ಹಿಂದ ನಾಯಿ. ಹೊಲದ ಬದುವಿನ ಮ್ಯಾಲ ಸೈಕಲ್ ಹೊಡದು, ಅವರಿಗಿಂತ ಮೊದಲು ಅತ್ತ ಕಡಿ ಹೋಗಿ ನಿಂತು, “ಎವ್ವಾ, ನಿನ್ನ ಕಾಲು ಹಿಡೀತೀನಿ, ಕೂಸಿನ ತೋಳು ತೋರಿಸು” ಅಂತಿದ್ದೆ. ಈಗ ಆ ಊರಿಗೆ ಹೋದ್ರ ಅವೇ ಕೂಸುಗಳು ಬೆಳದು ನಿಂತು, “ಮಾವಾ, ಮಜ್ಜಿಗಿ ಕುಡದು ಹೋಗು” ಅಂತಾವ. ಬ್ಯಾರೆ ಏನು ಬೇಕ್ರಿ ನನಗ? ಆ ದಾರಿ, ಆ ಹತ್ತಿ ಹೊಲ, ಮುಂಜಾನಿ ಗಾಳಿ ಇವತ್ತಿಗೂ ಕನಸಿನಾಗ ಬರ್ತಾವ.

ಹಿಂಗ ತುಳಿದ ಕಾಲು ಇವು. ಇವಕ್ಕ ಎರಡು ಫರ್ಲಾಂಗು ಯಾವ ಲೆಕ್ಕ? ಆರು ವರ್ಷ ಹುಣಸಿ ಮರ ದಾಟಿದ ಮ್ಯಾಲ ಬ್ರೇಕ್ ಹಿಡೀದಿದ್ರ…

ವೆಂಕಣ್ಣಾ, ಸ್ವಲ್ಪ ನೀರು ಕೊಡಪ್ಪ.

ಬಾಯಿ ತಪ್ಪಿ ಬಂತು. ಹೇಳಬಾರದು ಅಂತ ಮನ್ಯಾಗ ಆಣಿ ಮಾಡಿ ಬಂದಿದ್ದೆ. ಬೀಗರೇ, ಆ ಕಡಿ ನೋಡಬ್ಯಾಡ್ರಿ, ಈ ಕಡಿ ನೋಡ್ರಿ. ಅರ್ಧ ಹೇಳಿ ಬಿಟ್ರ ಈ ಮಂದಿ ನಾಳಿ ಪೂರ್ತಿ ಕಥಿ ಕಟ್ತಾರ. ಅದಕ್ಕ ನಾನೇ ಹೇಳಿ ಮುಗಿಸ್ತೀನಿ.

ನಲವತ್ತೈದನೇ ಇಸವಿ. ಸಿರುಗುಪ್ಪದಾಗ ನನ್ನ ಮಗಳ ಮದುವಿ. ಗಂಡಿನ ಕಡಿಯವರು ಬಳ್ಳಾರಿಯಿಂದ ಇದ್ದಲಿ ಬಸ್ಸಿನಾಗ ಹೊಂಟಿದ್ರು. ಪೆಟ್ರೋಲ್ ಎಲ್ಲಿತ್ತು ಆಗ? ಹಿಂದ ಒಲಿ ಕಟ್ಟಿಕೊಂಡು ಇದ್ದಲಿ ಹೊಗಿಯಿಂದ ಓಡೋ ಬಸ್ಸು. ತೆಕ್ಕಲಕೋಟಿ ಹತ್ರ ಆ ಒಲಿ ಆರಿಬಿಡ್ತು. ನಾನು ಎತ್ತಿನ ಬಂಡಿ ಕಳಿಸಿ, ಎದುರುಗೊಳ್ಳಾಕ ಸೈಕಲ್ ಮ್ಯಾಲ ಹೋದೆ. ನಮ್ಮ ಬೀಗರದೂ ಸೈಕಲ್ ಹುಚ್ಚು. ಬಸ್ಸಿನ ಮ್ಯಾಲ ಕಟ್ಟಿದ್ದ ತಮ್ಮ ಸೈಕಲ್ ಇಳಿಸಿ, “ಬರ್ರಿ ಬೀಗರೇ, ನಾವಿಬ್ಬರೂ ಜೋಡೀಲೆ ಹೋಗೋಣು” ಅಂದ್ರು. ಅವರ ತಾಯಿ ಎರ್ರಮ್ಮನವರು ಬಂಡ್ಯಾಗ ಮುಂದ ಹೋದ್ರು.

ಸಿರುಗುಪ್ಪದ ಮದುವಿ ಹಂದರ ಕಣ್ಣಿಗೆ ಬಿತ್ತು. ಆಗ ನೆನಪಾತು ನೋಡ್ರಿ: ಬೀಗರು ಬಂದಾಗ ಕಾಲಿಗೆ ನೀರು ಕೊಡಬೇಕಾದಂವ ನಾನು! ಬಾಗಿಲದಾಗ ತಂಬಿಗಿ ಹಿಡಕೊಂಡು ನಿಂತಿರಬೇಕಾದಂವ, ಅವರ ಪಕ್ಕದಾಗ ಪೆಡಲ್ ತುಳೀತಿದ್ರ ಹೆಂಗ? ಎದ್ದು ತುಳಿದೆ. ಹಿಂದ ಧೂಳು ಎದ್ದು ಬೀಗರ ಬಿಳಿ ಧೋತ್ರ, ರುಮಾಲು, ಮೀಸಿ ಎಲ್ಲಾ ಕೆಂಪಾತು. ಬಂಡ್ಯಾಗ ಕುಂತಿದ್ದ ಎರ್ರಮ್ಮನವರು ಅದನ್ನ ನೋಡಿಬಿಟ್ರು. “ಹೆಣ್ಣು ಕೊಡೋ ಅಪ್ಪ ಗಂಡಿನ ಅಪ್ಪನ ಮಾರಿಗೆ ಧೂಳು ಉಗ್ಗಿ ಮುಂದ ಬರ್ತಾನ! ಇಂಥವನ ಮಗಳು ನಮ್ಮ ಮನ್ಯಾಗ ತಲಿ ಬಗ್ಗಿಸಿ ಬಾಳ್ತಾಳೇನು? ನಾನು ಇಳಿಯೋದಿಲ್ಲ” ಅಂದ್ರು. ಹಿಂದ ಉಳಿದಿದ್ರ ನೀರು ಕೊಡಾಕ ಯಾರೂ ಇಲ್ಲ ಅಂತಿದ್ರು, ಮುಂದ ಹೋದ್ರ ಹಿಂಗ ಅಂದ್ರು. ನಾನು ಏನು ಮಾಡಬೇಕಿತ್ತು, ನೀವೇ ಹೇಳ್ರಿ!

ನಮ್ಮ ಬೀಗರ ದೊಡ್ಡತನ ಹೇಳಲೇಬೇಕು. ಅವರು ಧೂಳು ಕೊಡವಿಕೊಂಡು ನಕ್ರು. “ಬಿಡಬೇ, ನಾನೇ ಜಿದ್ದಿಗೆ ಬಿದ್ದೆ” ಅಂದ್ರು. ಆದ್ರೂ ಮುದುಕಿ ಬಂಡಿ ಇಳಿಯೋ ಹೊತ್ತಿಗೆ ಮುಹೂರ್ತ ಮೀರಾಕ ಬಂದಿತ್ತು. ನಾನು ಬಂಡಿ ಗಾಲಿ ಹಿಡಕೊಂಡು ನಿಂತಿದ್ದೆ. ಒಳಗ ನನ್ನ ಮಗಳು ಬಾಸಿಂಗ ಕಟ್ಟಿಕೊಂಡು ಎಲ್ಲಾ ಕೇಳಿಸಿಕೊಳ್ಳಾಕತ್ತಿದ್ಳು. ಎರ್ರಮ್ಮನವರು ಈಗಿಲ್ಲ. ಆಮ್ಯಾಲ ಅವರು ನನ್ನ ಮಗಳ ಕೈಲೇ ತಲಿ ಬಾಚಿಸಿಕೊಂಡ್ರು, ಕಡೀ ದಿನಗಳಾಗ ಆಕಿ ಕೈ ತುತ್ತೇ ಉಂಡ್ರು. ಅವರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಆ ಮಾತು ಮಾತ್ರ ಎದ್ಯಾಗ ಕುಂತು ಬಿಟ್ಟಿತು.

ಮರುವರ್ಷ ಬೀಗರು ಈ ಸಂಘ ಕಟ್ಟಿದ್ರು, ನನ್ನ ಕರೆದ್ರು. ಮೊದಲನೇ ಓಟ. ಹುಣಸಿ ಮರ ದಾಟಿದ್ವಿ. ನಾನು ಅರ್ಧ ಗಾಲಿ ಮುಂದ. ಆಗ ನೋಡ್ತೀನಿ, ಸಂಘದ ಬಾಗಿಲದಾಗ ಎರ್ರಮ್ಮನವರು ನಿಂತಾರ, ಅವರ ಹಿಂದ ಸೆರಗು ಹೊದ್ದುಕೊಂಡು ನನ್ನ ಮಗಳು. ನನ್ನ ಎರಡು ಬೆರಳು ತಾವೇ ಬ್ರೇಕಿಗೆ ಹೋದ್ವು. ಬೀಗರು ಹಗ್ಗ ದಾಟಿದ್ರು. ಇಳಿದು ಬಂದು ನನ್ನ ತಬ್ಬಿಕೊಂಡು, “ಮುಂದಿನ ವರ್ಷ ನಿಮ್ಮದೇ ಬೀಗರೇ” ಅಂದ್ರು. ಆ ಮನುಷ್ಯನ ನಗಿ ನೋಡಿ ನನಗ ಸೋತದ್ದೇ ಚಲೋ ಅನ್ನಿಸ್ತು. ಆಮ್ಯಾಲ ಪ್ರತಿ ವರ್ಷ ಅದೇ ಆತು. ಸಿರುಗುಪ್ಪದಾಗ ನನ್ನ ಸೈಕಲ್ ರಿಪೇರಿ ಮಾಡೋ ಓಬಳೇಶ ಕೇಳಿದ, “ಮಾವಾ, ಬ್ರೇಕಿನ ರಬ್ಬರ್ ಹಿಂಗ ಸವದೈತಲ್ಲ, ಈ ಸಪಾಟ ಸೀಮ್ಯಾಗ ಇಳಿಜಾರು ಎಲ್ಲಿ ಸಿಕ್ತು ನಿನಗ?” “ನಮ್ಮ ಬೀಗರ ಊರಾಗ ಐತಿ ಬಿಡಲೇ” ಅಂದೆ.

ಹಂಗಾರ ಈ ವರ್ಷ ನಿನಗೇನಾತು ಅಂತ ಬೆಳಿಗ್ಗೆಯಿಂದ ಎಲ್ಲಾರೂ ಕೇಳಾಕತ್ತೀರಿ. ಒಬ್ಬರಿಗೆ ಗಾಳಿ ಹಿಂದಿನಿಂದ ಬಂತು ಅಂದೆ. ಇನ್ನೊಬ್ಬರಿಗೆ ಚೈನಿಗೆ ಹೊಸಾ ಎಣ್ಣಿ ಹಾಕಿದ್ದೆ ಅಂದೆ. ಎಲ್ಲಾ ಸುಳ್ಳು. ಹಗ್ಗ ದಾಟಿ ಹಿಂದ ತಿರುಗಿ ನೋಡಿದಾಗ ಬೀಗರು ಸೈಕಲ್ ಇಳಿದು, ರುಮಾಲಿನ ಚುಂಗಿನಿಂದ ಮಾರಿ ಒರೆಸಿಕೊಂಡ್ರು. ನನ್ನ ಮಾರಿ ನೋಡಲಿಲ್ಲ, ನನ್ನ ಬ್ರೇಕು ನೋಡಿದ್ರು. ಅವರಿಗೆ ಎಲ್ಲಾ ತಿಳೀತು ಅಂತ ನನಗೂ ತಿಳೀತು. ಬೀಗರೇ, ನಿಮಗ ಯಾವುದಕ್ಕ ಸಿಟ್ಟು? ಇವತ್ತು ಮುಂದ ಹೋಗಿದ್ದಕ್ಕೋ, ಆರು ವರ್ಷ ಹಿಂದ ಉಳಿದಿದ್ದಕ್ಕೋ? ಎರಡಕ್ಕೂ ಕೈ ಮುಗೀತೀನಿ. ಆದ್ರ ಒಂದು ಮಾತು, ಇವತ್ತು ತುಳಿಯುವಾಗ ನನಗ ಆದ ಖುಷಿಗೆ ಮಾತ್ರ ಕೈ ಮುಗಿಯೋದಿಲ್ಲ. ಮತ್ತ ಜ್ವಾಳದ ಹೊಲದ ಬದುವಿನ ಮ್ಯಾಲ ಹೋದಂಗಾತು ನನಗ. ಐವತ್ತೆಂಟರ ಮುದುಕ ಅದೀನಿ ಅನ್ನೋದು ಮರೆತೇ ಹೋತು.

ಮೊನ್ನೆ ಮನ್ಯಾಗ ಓಟಕ್ಕಂತ ಸೈಕಲ್ ಒರೆಸಾಕತ್ತಿದ್ದೆ. ನನ್ನ ಮಗಳು ಕೂಸಿನ ತೊಟ್ಟಿಲು ತೂಗ್ತಾ ಕುಂತಿದ್ಳು. ಮದುವ್ಯಾಗಿ ಏಳು ವರ್ಷದ ಮ್ಯಾಲ ಆದ ಕೂಸು. “ಅಪ್ಪಾ, ಈ ವರ್ಷಾನೂ ಬ್ರೇಕ್ ಹಿಡೀತೀಯೇನು?” ಅಂದ್ಳು.

ನನ್ನ ಕೈಯಾಗಿನ ಅರಿವಿ ಕೆಳಗ ಬಿತ್ತು. ಆಕಿ ಮೊದಲನೇ ವರ್ಷವೇ ನನ್ನ ಬೆರಳು ನೋಡಿದ್ಳಂತ. ಇಷ್ಟು ವರ್ಷ ಆ ಬಾಗಿಲದಾಗ ನಿಂತು, ನೋಡಿ, ನುಂಗಿಕೊಂಡಾಳ. ನಾನು, “ಎಲ್ಲಾ ನಿನ್ನ ಸಲುವಾಗಿ ಅಲ್ಲೇನವ್ವಾ” ಅಂದೆ.

ಅದಕ್ಕ ಆಕಿ ಅಂದದ್ದು ಇಷ್ಟೇ: “ನನಗೂ ಹೆಣ್ಣು ಹುಟ್ಟೇತಿ ಅಪ್ಪಾ. ನಾಳಿ ಇದರ ಸಲುವಾಗಿ ನನ್ನ ಗಂಡ ಯಾರ ಮುಂದ ಬ್ರೇಕ್ ಹಿಡೀಬೇಕು?”

ಬೀಗರೇ, ಆಕಿ ಗಂಡ ಅಂದ್ರ ನಿಮ್ಮ ಮಗ.

ಇವತ್ತು ಹುಣಸಿ ಮರ ದಾಟಿದಾಗ ಬೆರಳು ಬ್ರೇಕಿನ ಕಡಿ ಹೋದ್ವು, ಆ ಮಾತು ಕಿವಿಗೆ ಬಿತ್ತು, ಬೆರಳು ಹಿಂದಕ್ಕ ಬಂದ್ವು. ನನ್ನ ವೇಗದ ಗುಟ್ಟು ಇಷ್ಟೇ ಸಭಿಕರೇ, ಬ್ಯಾರೆ ಏನೂ ಇಲ್ಲ.

ನನ್ನ ಮಾತು ಉದ್ದಾತು. ಇಷ್ಟು ಹೊತ್ತು ಕೇಳಿದ ನಿಮಗೆಲ್ಲಾ, ಕುರುಗೋಡಿನಾಗ ಚಾ ಕೊಟ್ಟವರಿಗೆ, ಹಗ್ಗ ಹಿಡಿದವರಿಗೆ, ಮಾನಪತ್ರಕ್ಕ ಅಂಟು ಹಚ್ಚಿದ ವೆಂಕಣ್ಣನವರಿಗೆ ನನ್ನ ವಂದನೆ. ಇನ್ನ ಅಧ್ಯಕ್ಷರ ಭಾಷಣ ಐತಿ. ಬೀಗರೇ, ಅದರಾಗ ನನ್ನ ಎಷ್ಟು ಬೇಕಾದ್ರೂ ಬೈರಿ, ತಲಿ ಬಗ್ಗಿಸಿ ಕೇಳ್ತೀನಿ. ಆದ್ರ ನನ್ನ ಮಗಳ ಮಾತಿಗೆ ಉತ್ತರ ಹೇಳದೇ ಭಾಷಣ ಮುಗಿಸಬ್ಯಾಡ್ರಿ. ಮೊದಲನೇ ಸಾಲಿನಾಗ ಕೂಸನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತಾಳ, ನಿಮ್ಮ ಮಾರಿನೇ ನೋಡಾಕತ್ತಾಳ.

ಎಲ್ಲಾರಿಗೂ ನಮಸ್ಕಾರ.