ಸೀಟಿನ ಕೆಳಗಿದ್ದ ಉಕ್ಕಿನ ಪಿನ್ನು

ತಿಮ್ಮರಾಯಪ್ಪ ಬಿನ್ ಲೇಟ್ ಮುನಿಶಾಮಪ್ಪ, ವಯಸ್ಸು 41 ವರ್ಷ, ಕಸುಬು ತರಕಾರಿ ಬೇಸಾಯ, ವಾಸ ಬಿಳೇಕಹಳ್ಳಿ ಗ್ರಾಮ, ಬೇಗೂರು ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಈಗ ತಮ್ಮ ಠಾಣೆಯಲ್ಲಿರುವ ಚಿಕ್ಕಬೈರಪ್ಪನು ನನ್ನ ದೊಡ್ಡಪ್ಪನ ಮಗ. ನನಗಿಂತ ಮೂರು ತಿಂಗಳು ದೊಡ್ಡವನು. ಅಣ್ಣ ಎಂದೇ ಕರೆಯುತ್ತೇನೆ. ನಮ್ಮ ಎರಡು ಮನೆಗಳ ನಡುವೆ ಹದಿನೆಂಟು ಅಡಿಯ ಓಣಿ ಇದೆ.

ಇದೇ 1964ನೇ ಇಸವಿ ಮಾರ್ಚ್ 9ರ ಸೋಮವಾರ ಬೆಳಿಗ್ಗೆ 10 ಗಂಟೆಗೆ ನಾವಿಬ್ಬರೂ ಕಲಾಸಿಪಾಳ್ಯದಲ್ಲಿ ಹಳೆಯ ಗಾಡಿ ಮಾರುವ ಶೆಡ್ಡಿಗೆ ಹೋದೆವು. ಅಲ್ಲಿ ಎರಡು ಪಿಕಪ್ ಗಾಡಿಗಳಿದ್ದವು. ಒಂದು ಮಿಲಿಟರಿ ಹರಾಜಿನದು, ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇರುವಂಥದು, ಹಿಂದೆ ಎಳೆಯುವ ಕಬ್ಬಿಣದ ಕೊಂಡಿ ಇತ್ತು. ಇನ್ನೊಂದು ಕಾರಿನ ತಳದ ಮೇಲೆ ಕಟ್ಟಿದ ಸಣ್ಣ ಗಾಡಿ, ನೀಲಿ ಬಣ್ಣ. ನಮ್ಮ ಪರವಾಗಿ ನೋಡಲು ಬಂದಿದ್ದ ಮೆಕ್ಯಾನಿಕ್ ಮರುಳಸಿದ್ದಪ್ಪನವರು, ದಿನಾ ಮಾರ್ಕೆಟ್ಟಿಗೆ ಆರು ಮೈಲಿ ಹೋಗಿ ಬರೋರಿಗೆ ನೀಲಿದೇ ಸರಿ, ತಿಂಗಳಲ್ಲಿ ಎರಡು ದಿನ ಎಳೆಯೋಕೆ ಅಂತ ಇಪ್ಪತ್ತೆಂಟು ದಿನ ಆನೆ ಸಾಕ್ತೀರಾ ಸ್ವಾಮಿ ಎಂದು ಕೇಳಿದರು. ಮಾತು ನ್ಯಾಯವಾಗಿತ್ತು. ನಾನು ನೀಲಿ ಗಾಡಿ ತೆಗೆದುಕೊಂಡೆನು. ಅಣ್ಣ ನಕ್ಕು, ನಾನು ಆನೇನೇ ಸಾಕ್ತೀನಿ ಬಿಡಿ ಎಂದು ಮಿಲಿಟರಿ ಗಾಡಿ ತೆಗೆದುಕೊಂಡನು.

ನಮ್ಮ ಊರಿಗೆ ಸೇರಿದ ಒಂದು ಡೀಸೆಲ್ ಪಂಪ್‌ಸೆಟ್ ಇದೆ. ಎರಡು ಚಕ್ರದ ಗಾಡಿಯ ಮೇಲೆ ಕೂರಿಸಿದೆ. ಸರದಿಯ ಪ್ರಕಾರ ಬಾವಿಯಿಂದ ಬಾವಿಗೆ ಎಳೆದುಕೊಂಡು ಹೋಗುತ್ತೇವೆ. ಮೊದಲು ಎರಡು ಜೊತೆ ಎತ್ತು ಕಟ್ಟುತ್ತಿದ್ದೆವು. ಮಾರ್ಚ್ ತಿಂಗಳಿಂದ ಎಲ್ಲರೂ ಅಣ್ಣನನ್ನೇ ಕರೆಯತೊಡಗಿದರು. ಹೋದ ಮನೆಯಲ್ಲೆಲ್ಲ ಅವನಿಗೆ ಜಗುಲಿಯ ಮೇಲೆ ಚಾಪೆ, ಕಾಫಿ. ನಾನು ದಿನವೂ ಬೆಳಗಿನ ಜಾವ 4-30ಕ್ಕೆ ಊರಿನ ಅರ್ಧ ಜನರ ಸೊಪ್ಪು, ಬದನೆಕಾಯಿ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದೆನು. ಅದನ್ನು ಯಾರೂ ಎದ್ದು ನೋಡುತ್ತಿರಲಿಲ್ಲ. ನನ್ನ ಹೆಂಡತಿ ಮಂಗಮ್ಮ ಸಹ, ಭಾವನ ಗಾಡಿ ಬಂದ್ರೆ ನೆಲ ಅದುರುತ್ತೆ, ನಿಮ್ದು ಬಂದ್ರೆ ಮಲಗಿದ ಕೋಳೀನೂ ಏಳಲ್ಲ ಎಂದು ತಮಾಷೆ ಮಾಡಿದಳು. ಅದು ಮೇ ತಿಂಗಳಲ್ಲಿ. ತಾರೀಖು ನೆನಪಿಲ್ಲ, ಮಾತು ನೆನಪಿದೆ.

ಜೂನ್ 12ರಂದು ನಾನೂ ಪಂಪ್‌ಸೆಟ್ ಎಳೆಯಲು ಹೋದೆನು. ಅದಕ್ಕೆಂದೇ ಹಿಂದೆ ಕೊಂಡಿ ಹಾಕಿಸಿ, ಕೊಂಡಿಗೆ ಪಂಪ್‌ಸೆಟ್ ಸಿಕ್ಕಿಸಲು ಕಮ್ಮಾರನಿಂದ ಒಂಬತ್ತು ಅಂಗುಲದ ಉಕ್ಕಿನ ಪಿನ್ನು ಮಾಡಿಸಿದ್ದೆನು. ಅಂದು ಪಿನ್ನು ಹಾಕುವ ತನಕವೂ ಹೋಗಲಿಲ್ಲ. ಕೆಸರಿನಲ್ಲಿ ಬರಿಯ ಗಾಡಿಯೇ ಹೂತುಕೊಂಡಿತು. ಅಣ್ಣ ಬಂದು ಹಗ್ಗ ಕಟ್ಟಿ, ತಿಮ್ಮಾ, ನೀನು ಸುಮ್ನೆ ಸ್ಟೇರಿಂಗ್ ಹಿಡ್ಕೊಂಡು ಕೂತ್ಕೋ ಸಾಕು ಎಂದು ಹೇಳಿ, ಮಾರಮ್ಮನ ಗುಡಿಯ ಮುಂದೆ ಒಂದೂವರೆ ಫರ್ಲಾಂಗ್ ಎಳೆದುಕೊಂಡು ಹೋದನು. ನಾನು ಹಾಗೆಯೇ ಕುಳಿತಿದ್ದೆನು. ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಆ ಪಿನ್ನನ್ನು ಸೀಟಿನ ಕೆಳಗೆ ಹಾಕಿದವನು ಮತ್ತೆ ತೆಗೆಯಲಿಲ್ಲ.

ಅಕ್ಟೋಬರ್ 14ರ ಬುಧವಾರ ಆಯುಧಪೂಜೆ. ಅಣ್ಣ ತನ್ನ ಗಾಡಿಯ ಮುಂದೆ ಕುಡುಗೋಲು, ಸ್ಪಾನರು, ಕೊಂಡಿಯ ಪಿನ್ನು ಎಲ್ಲವನ್ನೂ ಸಾಲಾಗಿಟ್ಟು ಪೂಜೆ ಮಾಡಿದನು. ಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಮರುಪೂಜೆ ಆಗುವ ತನಕ ಎತ್ತುವುದು ನಮ್ಮಲ್ಲಿ ಇಲ್ಲ. ಗಾಡಿಯನ್ನು ಮಾತ್ರ ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ಸುತ್ತು ಓಡಿಸುತ್ತೇವೆ. ನನ್ನ ಪಿನ್ನನ್ನು ನಾಚಿಕೆಯಿಂದ ಪೂಜೆಗೆ ಇಟ್ಟಿರಲಿಲ್ಲ.

ಮಧ್ಯಾಹ್ನ 1 ಗಂಟೆಗೆ ನಮ್ಮ ಊರಿನಲ್ಲಿ ಹೂವು ಬೆಳೆಯುವ ರಾಮಯ್ಯನು ಬಂದು, ಅಣ್ಣಾ, ಇವತ್ತು ತಪ್ಪಿದ್ರೆ ನನ್ನ ಸರದಿ ಒಂಬತ್ತು ದಿನಕ್ಕೆ ಹೋಗುತ್ತೆ, ಸೇವಂತಿಗೆ ಒಣಗ್ತಾ ಇದೆ ಎಂದು ಕೇಳಿಕೊಂಡನು. ಹೇಗೂ ಒಂದು ಸುತ್ತು ಓಡಿಸಬೇಕಲ್ಲ ಎಂದು ಅಣ್ಣ ಒಪ್ಪಿದನು. ಪೂಜೆಯ ಪಿನ್ನು ಮುಟ್ಟಬಾರದೆಂದು ಎತ್ತಿನ ಗಾಡಿಯ ನೊಗದಿಂದ ಜಾಲಿ ಮರದ ಗೂಟ ಕಿತ್ತು ಕೊಂಡಿಗೆ ಹಾಕಿದನು. ನಾನು ಆರು ಅಡಿ ದೂರದಲ್ಲಿ ನಿಂತಿದ್ದೆನು. ಗೂಟದಲ್ಲಿ ಉದ್ದಕ್ಕೆ ಒಂದು ಸೀಳು ಇದ್ದುದನ್ನು ನೋಡಿದೆನು. ಅಣ್ಣ ನನ್ನ ಕಡೆ ತಿರುಗಿ, ಏನ್ ತಿಮ್ಮಾ, ತಡೀತದಾ ಎಂದು ಕೇಳಿದನು. ನಿನ್ನ ಗಾಡಿ ಅಲ್ವಾ ಅಣ್ಣ, ನಿಂಗೇ ಗೊತ್ತು ಎಂದೆನು. ನನ್ನ ಪಿನ್ನು ಓಣಿಯ ಆಚೆ, ಇಪ್ಪತ್ತೈದು ಹೆಜ್ಜೆ ದೂರದಲ್ಲಿತ್ತು. ಒಂದು ದಿನವಾದರೂ ಇವನ ಗಾಡಿ ಊರ ಮುಂದೆ ಬರಿಗೈಲಿ ನಿಲ್ಲಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಹಿಂದೆ ನಡೆದು ಬರುವವನ ಯೋಚನೆ ಬರಲಿಲ್ಲ.

1-40ಕ್ಕೆ ಕೆರೆ ಏರಿ ಹತ್ತುವಾಗ ಗೂಟ ಮುರಿಯಿತು. ಚಕ್ರಕ್ಕೆ ಕಲ್ಲು ಕೊಡಲು ರಾಮಯ್ಯ ಹಿಂದೆ ಬರುತ್ತಿದ್ದನು. ಪಂಪ್‌ಸೆಟ್ ಇಪ್ಪತ್ತೆರಡು ಗಜ ಹಿಂದಕ್ಕೆ ಉರುಳಿ ಅವನ ಬಲಗಾಲಿನ ಮೇಲೆ ನಿಂತಿತು.

ಅಣ್ಣನ ಗಾಡಿಯಲ್ಲಿ ಕುಲುಕಾಟ ಹೆಚ್ಚೆಂದು ನನ್ನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದೆವು. ದೊಡ್ಡಾಸ್ಪತ್ರೆಗೆ ಐದೂವರೆ ಮೈಲಿ. ಹತ್ತೊಂಬತ್ತು ನಿಮಿಷದಲ್ಲಿ ಮುಟ್ಟಿಸಿದೆನು. ಇಳಿಸುವಾಗ ರಾಮಯ್ಯ ನನ್ನ ಕೈ ಹಿಡಿದು, ನಿನ್ನ ಗಾಡಿ ತೊಟ್ಟಿಲು ಇದ್ದಂಗೆ ಐತೆ ತಿಮ್ಮಣ್ಣ, ಒಂದು ಸಲಾನೂ ನೋಯಿಸ್ಲಿಲ್ಲ ಎಂದನು. ಏಳು ತಿಂಗಳಿಂದ ನನ್ನ ಗಾಡಿಯ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಆಡಲಿ ಎಂದು ಕಾದಿದ್ದೆನು.

ನಿನ್ನೆ ಸಂಜೆ 5 ಗಂಟೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರೆಂದು ತಿಳಿಯಿತು. ಅಣ್ಣ ಎಲ್ಲ ತಪ್ಪೂ ತನ್ನದೇ ಎಂದು ತಮ್ಮಲ್ಲಿ ಬರೆಸಿದ್ದಾನೆ. ಊರಿನವರು ಯಾರದೋ ದೃಷ್ಟಿ ತಾಗಿತು ಎನ್ನುತ್ತಿದ್ದಾರೆ. ದೃಷ್ಟಿಯಿಂದ ಗೂಟ ಮುರಿಯಲಿಲ್ಲ. ಸೀಳು ಇತ್ತು, ನೋಡಿದೆನು, ಕೇಳಿದಾಗಲೂ ಹೇಳಲಿಲ್ಲ. ಸದರಿ ಉಕ್ಕಿನ ಪಿನ್ನನ್ನು ಈ ದಿನ ತಮ್ಮ ಮುಂದೆ ಹಾಜರುಪಡಿಸಿದ್ದೇನೆ. ಉದ್ದ ಒಂಬತ್ತು ಅಂಗುಲ, ಹೊಸದು, ಒಂದು ಸಲವೂ ಬಳಸಿಲ್ಲ.

ಬರೆದದ್ದನ್ನು ಓದಿಸಿ ಕೇಳಿದೆನು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಅಣ್ಣನನ್ನು ಮನೆಗೆ ಕಳುಹಿಸಬೇಕೆಂದು ಪ್ರಾರ್ಥನೆ.

ಸ್ಥಳ: ಜಯನಗರ
ತಾರೀಖು: 16-10-1964, ಬೆಳಿಗ್ಗೆ 7-15
(ಸಹಿ) ತಿಮ್ಮರಾಯಪ್ಪ