ವೆರ್ನರ್ ಮುಚ್ಚಿದ ನಲ್ಲಿ

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಇದು ನಮ್ಮ ಚಿಕ್ಕಪ್ಪನ ಮಗ ವೆರ್ನರನಿಗೆ ಆದದ್ದು, ಹೋದ ಫೆಬ್ರವರಿಯಲ್ಲಿ. ಮಿಷಿಗನ್ನಿನ ಈ ಬಡಗಣ ತುದಿಯಲ್ಲಿ ಆಗ ಸಂಜೆ ಅನ್ನುವುದೇ ಇಲ್ಲ, ಮಧ್ಯಾಹ್ನ ಮುಗಿದರೆ ಕತ್ತಲೆ.

ಪ್ರತಿ ಶನಿವಾರ ಅವನು ಹೆಪ್ಪುಗಟ್ಟಿದ ಕೆರೆ ದಾಟಿ ನಮ್ಮನೆ ಸೌನಾಕ್ಕೆ ಬರುತ್ತಿದ್ದ. ಕಾದ ಕಲ್ಲಿನ ಹಬೆಯಲ್ಲಿ ಬೆವರುವುದು, ಮಂಜುಗಡ್ಡೆ ಕೊರೆದು ಮಾಡಿದ ಬಾವಿಯಲ್ಲಿ ಮುಳುಗುವುದು, ಏಲಕ್ಕಿ ಬ್ರೆಡ್ಡು ಕಾಫಿ ಮುಗಿಸಿ, ಅದೇ ಬಾವಿ ಪಕ್ಕದಿಂದ ಮಂಜಿನ ಮೇಲೆ ಓಡುವ ಗಾಡಿ, ಸ್ನೋಮೊಬೈಲ್ ಹತ್ತಿ ಮನೆಗೆ. ಮೊದಲೆಲ್ಲ ಹಿಂದೆ ಹೆಂಡತಿ ಹಿಲ್ಯಾ ಕೂತಿರುತ್ತಿದ್ದಳು. ಚಳಿ ಶುರುವಾಗುವ ಮುಂಚೆ ಅವಳು ತೀರಿಕೊಂಡಳು. ಆಮೇಲೆ ಆ ಸೀಟು ಖಾಲಿ.

ಅವನ ಹಳೇ ಗಾಡಿಯಲ್ಲಿ ಒಂದು ಸಣ್ಣ ನಲ್ಲಿ ಇದೆ. ತೆರೆದರೆ ಇಂಜಿನ್ನಿನ ಬಿಸಿನೀರು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಮೂಲಕ ಹರಿದು ಅದನ್ನು ಬೆಚ್ಚಗಿಡುತ್ತದೆ. ಬಿಸಿಲಿದ್ದಾಗ ಅದನ್ನು ಮುಚ್ಚಬೇಕು, ಇಲ್ಲದಿದ್ದರೆ ಇಂಜಿನ್ ಸೊರಗುತ್ತದೆ. ಚಳಿ ಏರಿದಾಗ ತೆರೆಯಬೇಕು, ಇಲ್ಲದಿದ್ದರೆ ಕಾರ್ಬುರೇಟರ್ ಒಳಗೇ ಮಂಜು ಕಟ್ಟುತ್ತದೆ. ಹಗಲು ಬರುವಾಗ ಮುಚ್ಚುವುದು ವೆರ್ನರನ ಕೆಲಸ. ರಾತ್ರಿ ಹೊರಡುವಾಗ ತೆರೆಯುವುದು ಹಿಲ್ಯಾಳದ್ದಾಗಿತ್ತು, ಗಂಡನ ಮರೆವಿಗೆ ಸಹಸ್ರನಾಮಾರ್ಚನೆ ಮಾಡುತ್ತಾ.

ಫೆಬ್ರವರಿಯ ಆ ರಾತ್ರಿ ಅವನು ತೆರೆಯುವುದನ್ನು ಮರೆತ.

ಕೆರೆಯ ನಟ್ಟನಡುವೆ ಇಂಜಿನ್ ಗೊಳ್... ಗೊಳ್... ಅಂತ ಕೆಮ್ಮಿ ಸುಮ್ಮನಾಯಿತು. ಮೂಗಿನ ಕೂದಲು ಮುಳ್ಳಾಗುವ ಚಳಿ. ಕಾಲಡಿಯ ಮಂಜುಗಡ್ಡೆ ಟಣ್... ಎಂದು ದೂರದವರೆಗೂ ಬಿರಿಯಿತು. ಬಾನೆಟ್ ಎತ್ತಿ, ಗವಸು ಕಿತ್ತು, ಒಳಗೆ ಕೈ ತೂರಿಸಿದ. ಬೆರಳು ಮರಗಟ್ಟಿತು. ನಲ್ಲಿ ಸಿಗಲಿಲ್ಲ. ನಡೆದು ಮನೆ ಸೇರುವ ದೂರವೂ ಅಲ್ಲ. ಕೈ ಅಲ್ಲೇ ಬಿಟ್ಟು ಹಾಗೇ ಒರಗಿದ. ನಿದ್ದೆ ಹಿತವಾಗಿ ಬರತೊಡಗಿತಂತೆ.

ಆಗ ಕಿವಿಯ ಹತ್ತಿರ ಒಂದು ಪಿಸುದನಿ...

"ಕೈ ತೆಗಿ."

"ಯಾರು?"

"ಕೈ ತೆಗಿ ಅಂದೆ."

ತೆಗೆದ. ಕಿರ್ರ್... ಅಂತ ನಲ್ಲಿ ತಿರುಗಿದ ಸದ್ದು. ಇಂಜಿನ್ ಶುರುಮಾಡುವ ಹಗ್ಗ ಎಳೆದ, ಮತ್ತೆ ಎಳೆದ. ಗಾಡಿ ಸ್ಟಾರ್ಟ್ ಆಯಿತು. ತಿರುಗಿ ನೋಡಿದರೆ ಬರೀ ಕೆರೆ.

ಮುಂದಿನ ಶನಿವಾರ ನನಗೆ ಇದನ್ನೆಲ್ಲ ಪಿಸುದನಿಯಲ್ಲೇ ಹೇಳಿದ.

"ಹಿಲ್ಯಾನೇನೋ?" ಅಂದೆ.

"ಗೊತ್ತಿಲ್ಲ ಐಲಿ. ಪಿಸುಗುಟ್ಟಿದ್ರೆ ಎಲ್ಲಾರ ದನಿನೂ ಒಂದೇ. ಅವಳಾಗಿದ್ರೆ ಬೈಬೇಕಿತ್ತಲ್ಲ..."

"ಬಿಯರ್ ಜಾಸ್ತಿ ಆಗಿತ್ತು ನಿಂಗೆ."

"ಇನ್ನೊಂದ್ಸಲ ಕೇಳಿದ್ರೆ ಗೊತ್ತಾಗತ್ತೆ."

ಆ ಮಾತು ನನಗೆ ಹಿಡಿಸಲಿಲ್ಲ. ಹೊರಗೆ ಹೋಗಿ ಬಾನೆಟ್ ಎತ್ತಿ ನೋಡಿದೆ. ಆವತ್ತು ಬಿಸಿಲೇ ಇರಲಿಲ್ಲ, ಆದರೂ ನಲ್ಲಿ ಮುಚ್ಚಿತ್ತು. ಬೇಕೆಂದೇ ಮುಚ್ಚಿದ್ದ.

"ಸಾಯೋಕೆ ಹೊರಟಿದೀಯೇನೋ?"

"ಸಾಯೋಕಲ್ಲ ಕಣೆ... ಮನೇಲಿ ನಂಜೊತೆ ಮಾತಾಡೋರು ಯಾರಿದಾರೆ ಹೇಳು?"

ಅವತ್ತಿನಿಂದ ಪ್ರತಿ ಶನಿವಾರ, ಅವನು ಹಬೆಯಲ್ಲಿ ಕೂತಾಗ, ನಾನು ಕಳ್ಳಿಯ ಹಾಗೆ ಹೋಗಿ ನಲ್ಲಿ ತೆರೆದು ಬರುತ್ತಿದ್ದೆ. ಅವನು ಸುಖವಾಗಿ ಮನೆ ಸೇರುತ್ತಿದ್ದ. ಮುಂದಿನ ವಾರ ಮುಖ ಇಷ್ಟು ಸಣ್ಣದು ಮಾಡಿಕೊಂಡು, "ಬರ್ಲೇ ಇಲ್ಲ ಐಲಿ" ಅನ್ನುತ್ತಿದ್ದ. ಸಂಕಟವಾಗುತ್ತಿತ್ತು. ಆದರೂ ತೆರೆಯುತ್ತಿದ್ದೆ.

ಮಾರ್ಚಿನ ಒಂದು ರಾತ್ರಿ ಮನೆಗೆ ನೆಂಟರು ಬಂದು, ನಾನು ಹೊರಗೆ ಹೋಗುವುದು ತಡವಾಯಿತು. ಅಷ್ಟು ಹೊತ್ತಿಗೆ ಗಾಡಿಯ ಸೀಟಿನ ಮೇಲೆಲ್ಲ ಮಂಜಿನ ಪುಡಿ. ಬಾನೆಟ್ ಎತ್ತಿ ಕೈ ತೂರಿಸಿದೆ. ನಲ್ಲಿ ಆಗಲೇ ತೆರೆದಿತ್ತು. ಅಂತೂ ಬುದ್ಧಿ ಬಂತು ಅಂದುಕೊಂಡೆ. ಕೈ ಹಿಂದೆ ತೆಗೆಯುವಾಗ ಇಂಜಿನ್ ತಗಲಿತು... ಕೊರೆಯುತ್ತಿತ್ತು. ಪಕ್ಕದ ಕಾರ್ಬುರೇಟರ್ ತಗಲಿತು... ಬೆಚ್ಚಗಿತ್ತು. ಇಂಜಿನ್ನೇ ತಣ್ಣಗಿರುವಾಗ ಬಿಸಿನೀರು ಎಲ್ಲಿಂದ?

ಸೌನಾದ ಬಾಗಿಲು ತಟ್ಟಿದೆ.

"ವೆರ್ನರ್, ನಲ್ಲಿ ತೆರೆದ್ಯಾ?"

"ಇಲ್ವಲ್ಲ... ಯಾಕೆ?"

ಹೇಳಿದೆ. ಟವೆಲ್ ಸುತ್ತಿಕೊಂಡು ಬರಿಗಾಲಲ್ಲೇ ಓಡಿ ಬಂದ. ಒಳಗೆ ಕೈ ಹಾಕಿ, ಕಾರ್ಬುರೇಟರ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತ. ಕೆರೆ ಕಡೆಯಿಂದ ಸದ್ದಿಲ್ಲ. ನನ್ನ ಕೋಟು ಅವನಿಗೆ ಹೊದಿಸಿದೆ, ಅವನಿಗೆ ಗೊತ್ತೇ ಆಗಲಿಲ್ಲ.

ನಾನು ಕಟ್ಟಿ ಹೇಳುತ್ತಿಲ್ಲ, ಅಲ್ಲೇ ಇದ್ದೆ. ಕೊನೆಗೆ ಚಳಿ ತಡೆಯಲಾರದೆ ಒಳಗೆ ಹೊರಡುವ ಮುಂಚೆ ಇನ್ನೊಮ್ಮೆ ಮುಟ್ಟಿ ನೋಡಿದೆ. ಆಗಲೂ ಬೆಚ್ಚಗೇ ಇತ್ತು.