ಹುಟ್ಟುವ ಮೊದಲೇ ಓಗೊಟ್ಟ ಸರ್ವರ್

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಅವನ ಬಾಯಿಂದಲೇ ಕೇಳಿದ್ದು. ಸ್ವಲ್ಪ ಹತ್ತಿರ ಬನ್ನಿ...

ಆವತ್ತು ರಾತ್ರಿ ಒಂದೂವರೆಗೆ ಪಾಳುಬಾವಿಯ ಪಕ್ಕದ ದಾರಿ ಹಿಡಿದು ಆಫೀಸಿಗೆ ಹೊರಟಿದ್ದ. ಬಾವಿಗೆ ಮುಚ್ಚಿದ ತಗಡು ಗಾಳಿಗೆ ಟಣ್... ಟಣ್... ಅನ್ನುತ್ತಿತ್ತು. ಇವನಿಗೆ ಅದೆಲ್ಲಿ ಕೇಳಬೇಕು! ಊರಿನ ಆಂಬುಲೆನ್ಸ್ ಕರೆಗಳನ್ನು ಹಿಡಿದು ಆಫೀಸಿನ ಕೆಳಮಹಡಿಯ ಹಾಲ್‌ನಲ್ಲಿ ಕೂತವರಿಗೆ ಕೊಡುವ ಸರ್ವರ್ ಹಳತಾಗಿತ್ತು. ಅದನ್ನು ಬದಲಿಸುವ ಕೆಲಸ ಇವನ ತಲೆಗೆ ಬಿದ್ದಿತ್ತು. ಕರೆ ಕಡಿಮೆ ಇರುವುದು ಆ ಹೊತ್ತಿನಲ್ಲೇ. ಒಂದು ಕರೆ ತಪ್ಪಿದರೂ ಒಂದು ಜೀವ.

ಕೆಲಸವೆಲ್ಲ ಮಾಡಲು ಒಂದು ಪ್ರೋಗ್ರಾಂ ಇತ್ತು. ಸರ್ವರ್ ಬಾಡಿಗೆಗೆ ಕೊಡುವ ದೂರದ ಕಂಪನಿಯಿಂದ ಹೊಸದೊಂದನ್ನು ಕೇಳುತ್ತದೆ. ಎದ್ದಿತಾ ಎಂದು ಹತ್ತು ಸೆಕೆಂಡಿಗೊಮ್ಮೆ ತಟ್ಟುತ್ತದೆ. ಓಗೊಟ್ಟ ಕೂಡಲೇ ಕರೆಗಳನ್ನು ಅತ್ತ ತಿರುಗಿಸಿ ಹಳೆಯದನ್ನು ಅಳಿಸುತ್ತದೆ. ಬರೆದವಳು ಅವನ ಹಿರಿಯ ಸಹೋದ್ಯೋಗಿ, ಎಲ್ಲರಿಗೂ 'ಅಕ್ಕ'. ಓಗೊಟ್ಟದ್ದು ತಾನು ಕೇಳಿದ ಸರ್ವರೇ ಹೌದಾ ಎಂದು ಗುರುತು ನೋಡುವ ಸಾಲನ್ನೂ ಬರೆದಿದ್ದಳು. ಒಂದು ರಾತ್ರಿ ಸರ್ವರ್ ಏಳಲೆಂದು ಕಾಯುತ್ತ ಕಾಯುತ್ತ ಕುರ್ಚಿಯಲ್ಲೇ ಪ್ರಾಣ ಬಿಟ್ಟಳು, ಪಾಪ. ಬೆಳಿಗ್ಗೆ ನೋಡಿದರೆ ಪ್ರೋಗ್ರಾಂ ಇನ್ನೂ ತಟ್ಟುತ್ತಲೇ ಇತ್ತಂತೆ.

ಅವಳು ಹೋದ ಮೇಲೆ ಗುರುತು ನೋಡುವ ಆ ಸಾಲನ್ನು ಕಿತ್ತುಹಾಕಿದ್ದು ಇವನೇ, ನಮ್ಮ ಬುದ್ಧಿವಂತ! ಪದೇಪದೇ ಅಡ್ಡ ಬರುತ್ತದೆ ಅಂತ.

ಪ್ರೋಗ್ರಾಂ ಓಡಿಸಿದ. ಫ್ಯಾನಿನ ಕಿರ್... ಕಿರ್... ಬಿಟ್ಟರೆ ಸದ್ದಿಲ್ಲ. ತಟ್ಟಿತು. ಉತ್ತರವಿಲ್ಲ. ತಟ್ಟಿತು. ಉತ್ತರವಿಲ್ಲ. ಮೂರನೇ ಸಲ...

ಓಗೊಟ್ಟಿತು.

ಸಾಮಾನ್ಯವಾಗಿ ನಾಲ್ಕು ನಿಮಿಷ ಬೇಕು. ಇವನಿಗೋ ಖುಷಿ. ಕರೆಗಳು ತಿರುಗಿದವು, ಹಳೆಯದು ಅಳಿಯಿತು. ಆಮೇಲೆ ಸುಮ್ಮನೆ ಒಳಗೆ ಇಣುಕಿದ. ಎದ್ದು ಎಷ್ಟು ಹೊತ್ತಾಯಿತು? ನಾನೂರ ಹನ್ನೊಂದು ದಿನ. ಬೆರಳು ಮಡಚಿ ಎಣಿಸಿದ. ಅಕ್ಕ ಸತ್ತ ರಾತ್ರಿ. ಲಾಗಿನ್ ಆಗಿ ಒಳಗೆ ಯಾರಿದ್ದಾರೆ? ಇಬ್ಬರು. ಒಬ್ಬ ತಾನು. ಇನ್ನೊಂದು... ಅಕ್ಕನ ಹೆಸರು.

ಅಷ್ಟರಲ್ಲಿ ಕಂಪನಿಯ ಸಂದೇಶ ಬಂತು. ಜಾಗವಿಲ್ಲ, ನೀವು ಕೇಳಿದ ಸರ್ವರ್ ಕೊಡಲಾಗಲಿಲ್ಲ.

ಕೆಳಗಿನ ಹಾಲ್‌ಗೆ ಫೋನ್ ಮಾಡಿದ.

"ಅಣ್ಣಾ... ಕರೆ ಬರ್ತಿದೆಯಾ?"

"ಒಂದೂ ಇಲ್ಲಪ್ಪಾ. ಯಾಕೆ ಪಿಸುಗುಡ್ತಿದೀಯ?"

ಬೇರೆ ಸರ್ವರ್ ಎಬ್ಬಿಸುವಷ್ಟರಲ್ಲಿ ನಲವತ್ತು ನಿಮಿಷ ಕಳೆಯಿತು. ಆ ನಲವತ್ತು ನಿಮಿಷದಲ್ಲಿ ಪಕ್ಕದ ಬೀದಿಯ ದರ್ಜಿಯ ಹೆಂಡತಿ ಎದೆನೋವಿನಿಂದ ತೀರಿಕೊಂಡಳು.

ಮೂರು ದಿನ ಅನ್ನ ಸೇರಲಿಲ್ಲ ಅವನಿಗೆ. ನಾಲ್ಕನೇ ದಿನ ಹೋಗಿ ದರ್ಜಿಯ ಕಾಲು ಹಿಡಿದ. "ನನ್ನಿಂದ್ಲೇ ಆಯ್ತು ಅಣ್ಣಾ. ನಿಮ್ಮ ಫೋನ್ ಯಾರೂ ಎತ್ಲಿಲ್ಲ."

ದರ್ಜಿ ಅವನ ಮುಖವನ್ನೇ ನೋಡಿದ.

"ಎತ್ತಿದ್ರಲ್ಲಪ್ಪಾ. ಯಾರೋ ಹೆಂಗಸು. ಎಷ್ಟು ಸಮಾಧಾನದ ಮಾತು! ಇನ್ನೇನು ಬರುತ್ತೆ, ಕಾಯ್ತಾ ಇರಿ, ಕಾಯ್ತಾ ಇರಿ ಅಂತಾನೇ ಇದ್ರು. ಅದನ್ನ ನಂಬಿ ಕೂತೆ. ಇಲ್ದಿದ್ರೆ... ನಾನೇ ಎತ್ಕೊಂಡು ಓಡ್ತಿದ್ದೆ."

ನಗಬೇಡಿ. ದರ್ಜಿಯ ಫೋನನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಆ ಕರೆ ಇನ್ನೂ ಪಟ್ಟಿಯಲ್ಲಿದೆ. ಮೂವತ್ತೆಂಟು ನಿಮಿಷ.